ಎಡಗಡೆಯ ರಾಣಿ ಬಣ್ಣದ ಕಂಬ

ಮೂಡಲಗಿಯ ಆ ತಾಯಿ, ಮಗಳು ಗೋಕಾಕದ ನನ್ನ ಹೂವಿನಂಗಡಿಗೆ ಬಂದಾಗ ಬೆಳಗಿನ ಎಂಟು ಗಂಟೆ. ಎಂಟಕ್ಕೆ ನಾನು ಬುಟ್ಟಿಗಳಿಗೆ ನೀರು ಹೊಡೆಯುತ್ತೇನೆ. ಯಾರೇ ಬರಲಿ, ಅದು ಮುಗಿಯುವವರೆಗೆ ಮಾತಿಲ್ಲ. ತಾಯಿಗೆ ಇದು ಗೊತ್ತಿತ್ತು. ಅವರ ಮನೆಯ ಮೂರು ತಲೆಮಾರಿನ ಮದುವೆಗಳಿಗೆ ಹೂವು ಹೋದದ್ದು ನಮ್ಮ ಮನೆಯಿಂದಲೇ. ಆಕೆ ಸುಮ್ಮನೆ ಬೆಂಚಿನ ಮೇಲೆ ಕುಳಿತರು. ಮದುಮಗಳಾಗಲಿರುವ ಮಗಳು ಮಾತ್ರ ನಿಂತೇ ಇದ್ದಳು. ಅವಳ ಕೈಯಲ್ಲಿ ಗೇಣುದ್ದದ ಬಟ್ಟೆಯ ಚೂರೊಂದಿತ್ತು.

ನಾನು ಹಿತ್ತಾಳೆಯ ಕೈಪಂಪನ್ನು ಗೋಡೆಯ ಮೊಳೆಗೆ ತೂಗುಹಾಕಿ ಕೈ ಒರೆಸಿಕೊಂಡ ಮೇಲೆ ಅವಳು ಆ ಚೂರನ್ನು ನನ್ನ ಮುಂದೆ ಹಾಸಿದಳು. ಮದುವೆ ಸೀರೆಯ ಕುಪ್ಪಸದಿಂದ ಕತ್ತರಿಸಿದ್ದು. ರಾಣಿ ಬಣ್ಣ. ನೋಡಿದರೆ ಕಣ್ಣು ಚುಚ್ಚುವಷ್ಟು ಗಾಢ ಗುಲಾಬಿ.

“ಆಯಿ, ಇಡೀ ಲಗ್ನ ಎರಡ ಬಣ್ಣದಾಗ ಆಗಬೇಕ್ರಿ. ಒಂದು ಇದು, ಇನ್ನೊಂದು ಕೇಸರಿ. ಬಿಳಿ ಒಂದೂ ಬ್ಯಾಡ. ಹಸರೂ ಕಾಣಬಾರದು.”

“ಎಲಿ ಇಲ್ಲದ ಹೂವ ಎಲ್ಲಿಂದ ತರಲೆವ್ವಾ ನಾ?”

“ಕಿತ್ತ ಹಾಕ್ರಿ.”

ತಾಯಿ ನಕ್ಕರು. “ಮಲ್ಲಿಗಿ ಇಲ್ಲದ ಲಗ್ನ ಮಾಡಾಕತ್ತೇವಿ ನೋಡ್ರಿ ಅಕ್ಕಾರ. ನಮ್ಮ ಅತ್ತಿ ಇದ್ದಿದ್ರ ಅಕ್ಕಿಕಾಳಿಗೆ ಮೊದಲ ಎದ್ದು ಹೋಗಿರ್ತಿದ್ರು.”

ಆಮೇಲೆ ಆಕೆ ದನಿ ತಗ್ಗಿಸಿದರು. ಮದುವೆ ಹುಕ್ಕೇರಿ ಬೀಗರ ಇಚ್ಛೆಯಂತೆ ಕಣಗಲಾದ ಹತ್ತಿರ, ಹೆದ್ದಾರಿ ಬದಿಯ ದೊಡ್ಡ ಮಂಗಲ ಕಾರ್ಯಾಲಯದಲ್ಲಿ. ಅಕ್ಕಿಕಾಳು, ಅಂದರೆ ಮುಹೂರ್ತದ ಅಕ್ಷತೆ, ಬೀಳುವ ನಾಲ್ಕು ಕಂಬದ ಮಂಟಪ, ಹಾರಗಳು, ಮದುಮಗಳ ಹಣೆಗೆ ಕಟ್ಟುವ ಹೂವಿನ ದಂಡಿ ಇವಿಷ್ಟು ನನ್ನವು. ದ್ವಾರ, ಊಟದ ಮನೆ, ಆಮೇಲೆ ಮದುಮಕ್ಕಳು ಕುಳಿತು ಫೋಟೋ ತೆಗೆಸಿಕೊಳ್ಳುವ ವೇದಿಕೆ ಬೇರೆಯವರದು.

“ಯಾರದ್ರಿ?”

“ನಿಮ್ಮ ತಂಗಿ ಮಗಳದ. ನಮ್ಮ ಹುಡುಗಿ ಅಕಿ ಮಾಡಿದ್ದನ್ನ ಫೋನಿನ್ಯಾಗ ನೋಡಿ ಹಟಾ ಹಿಡದಾಳ್ರಿ. ನಿಮ್ಮ ಮನಿ ಮಂದೀನ, ಹೊರಗಿನಾಕಿ ಅಲ್ಲ.”

ಹೊರಗಿನವಳಾಗಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ತಂಗಿಯ ಮಗಳು ಹುಕ್ಕೇರಿಯಿಂದ ಪ್ರತಿ ಬೇಸಿಗೆ ರಜೆಗೆ ನಮ್ಮ ಮನೆಗೆ ಬರುತ್ತಿದ್ದಳು. ಬಾಳೆನಾರು ನೆನೆಸುವುದು, ಹೆಬ್ಬೆರಳಿನ ಮೇಲೆ ಗಂಟು ಕೂರಿಸುವುದು, ಮೊಳಕ್ಕೆ ಇಷ್ಟೇ ಗಂಟು ಎಂದು ಎಣಿಸುವುದು, ಎಲ್ಲವನ್ನೂ ನನ್ನಪ್ಪ ನನಗೆ ಕಲಿಸಿದಂತೆಯೇ ಅವಳಿಗೆ ಕಲಿಸಿದೆ. ಅವಳ ಗಂಟು ಯಾವಾಗಲೂ ಸಡಿಲ. ಬಿಚ್ಚಿ ಕಟ್ಟು ಎಂದರೆ, “ಯಾರ ನೋಡ್ತಾರ ದೊಡ್ಡವ್ವ?” ಎನ್ನುತ್ತಿದ್ದಳು. ಆಮೇಲೆ ಕೊಲ್ಹಾಪುರಕ್ಕೆ ಹೋಗಿ ಏನೋ ಕಲಿತು ಬಂದು ಹುಕ್ಕೇರಿಯಲ್ಲಿ ಅಂಗಡಿ ಹಾಕಿದಳು. ಅಲ್ಲಿಂದ ಮೂರು ವರ್ಷದಲ್ಲಿ ಜನ ನನಗೇ “ನೀವು ಅಕಿ ದೊಡ್ಡವ್ವ ಅಲ್ರಿ?” ಎಂದು ಕೇಳುವ ಹಾಗಾಯಿತು.

ಬಟ್ಟೆಯ ಚೂರನ್ನು ಎರಡು ಮಾಡಿ ಒಂದನ್ನು ಇಟ್ಟುಕೊಂಡೆ. ಇನ್ನೊಂದು ತಂಗಿಯ ಮಗಳಿಗೆ ಹೋಗುತ್ತದೆ ಎಂದು ತಿಳಿದೇ ನನ್ನ ಪಾಲು ತುಸು ದೊಡ್ಡದಾಗಿ ಕತ್ತರಿಸಿದೆ.

ಆ ಚೂರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹದಿನೈದು ದಿನ ತಿರುಗಿದೆ. ಕೇಸರಿಯ ಚಿಂತೆಯಿರಲಿಲ್ಲ, ಕೌಜಲಗಿಯ ಚೆಂಡು ಹೂವಿನ ಹೊಲಗಳು ಆಗ ಬೆಂಕಿ ಹಚ್ಚಿದಂತಿದ್ದವು. ರಾಣಿ ಬಣ್ಣವೇ ತೊಡಕು. ಕಣಗಿಲೆ ಮಸುಕು, ದಾರಕ್ಕೆ ಏರಿದ ಎರಡು ತಾಸಿಗೆ ಬಾಡುತ್ತದೆ. ಬೇಲಿಯ ಕಾಗದದ ಹೂವಿಗೆ ಮೈಯೇ ಇಲ್ಲ. ಕೋಳಿಜುಟ್ಟಿನ ಹೂವಿಗೆ ಬಣ್ಣವಿದೆ, ಆದರೆ ಕಪ್ಪು ಬೀಜ ಉದುರಿ ಸೀರೆ ಹಾಳು. ಉಳಿದದ್ದು ಅಸ್ಟರ್. ಮೇಲವಂಕಿಯ ಒಬ್ಬ ರೈತ ಎರಡು ಎಕರೆ ಹಾಕಿದ್ದ. ಬಟ್ಟೆಯನ್ನು ಹೂವಿನ ಪಕ್ಕ ಹಿಡಿದು ನೋಡಿದೆ. ಒಂದು ಸರಿಯಾಗಿ ಕೂಡಿತು. ಅದರ ಪಕ್ಕದ್ದು ತೆಳು. ಮೂರನೆಯದು ನೇರಳೆ.

“ಒಂದ ಬೀಜ, ಒಂದ ನೀರ, ಮೂರ ಬಣ್ಣ ಹೆಂಗೋ?”

“ನನ್ನ ಮೂರ ಮಕ್ಳೂ ಮೂರ ಥರಾ ಅದಾರ್ರಿ ಅಕ್ಕಾರ, ಏನ ಮಾಡಾಕ ಬರ್ತೈತಿ?” ಎಂದ ಆತ.

ಅಲ್ಲೇ ಬದುವಿನ ಮೇಲೆ ಕುಳಿತು ಸಾಲು ಸಾಲಾಗಿ ನೋಡಿದೆ. ನೇರಳೆ ಹೂವಿನ ಗಿಡಗಳು ಬೇರೆಯವೇ, ಕೀಳದಿರಲೆಂದು ಅವಕ್ಕೆ ಗುರುತಿನ ದಾರ ಕಟ್ಟಿಸಿ ಬಿಟ್ಟೆ. ತೆಳು ಬಣ್ಣದವು ಮಾತ್ರ ಬೇರೆ ಗಿಡಗಳಲ್ಲ, ಅರಳಿ ಹಳೆಯದಾದ ಹೂವುಗಳು. ಬಿಸಿಲಿಗೆ ಬಣ್ಣ ಇಳಿಯುತ್ತದೆ. ಅರಳಿದ ಎರಡನೆಯ ದಿನದ ಹೂವು ಮಾತ್ರ ನನ್ನ ಬಟ್ಟೆಗೆ ಸರಿಯಾಗಿ ಕೂಡುತ್ತಿತ್ತು. ಹಾಗಾಗಿ ಮದುವೆಯ ಮುನ್ನಾದಿನ ಬೆಳಿಗ್ಗೆ ನನ್ನ ಇಬ್ಬರು ಹೆಣ್ಣಾಳುಗಳನ್ನು ಕರೆದುಕೊಂಡು ಹೋಗಿ, ಕೈಗೊಂದು ಬಟ್ಟೆಯ ಎಳೆ ಕಟ್ಟಿ, “ಈ ಬಣ್ಣ ಇದ್ರ ಕೀಳು, ಇಲ್ಲಂದ್ರ ಮುಟ್ಟಬ್ಯಾಡ” ಎಂದೆ. ಒಂಬತ್ತು ಬುಟ್ಟಿ ಸಿಕ್ಕವು. ಬೇಕಾದದ್ದು ಹನ್ನೆರಡು. ಕೊರತೆ ಬಿದ್ದಲ್ಲಿ ಚೆಂಡು ಹೂವಿನ ಸಾಲು ಹೆಚ್ಚಿಸಬಹುದೆಂದು ಲೆಕ್ಕ ಹಾಕಿ, ಒದ್ದೆ ಗೋಣಿ ಹೊದಿಸಿ, ಮಧ್ಯಾಹ್ನ ಎರಡಕ್ಕೆ ಕಣಗಲಾ ಮುಟ್ಟಿದೆ.

ಕಾರ್ಯಾಲಯದ ಬಾಗಿಲಲ್ಲೇ ಕಾಲು ನಿಂತಿತು.

ವೇದಿಕೆ ಆಗಲೇ ಅರ್ಧ ಆಗಿತ್ತು. ಹಿಂದೆ ಕೇಸರಿ ಬಟ್ಟೆಯ ಗೋಡೆ, ನೆರಿಗೆ ನೆರಿಗೆಯಾಗಿ ಇಳಿಬಿಟ್ಟದ್ದು. ಎರಡೂ ಬದಿಗೆ ಆಳೆತ್ತರ ಮೀರಿದ ಕಂಬಗಳು, ಬುಡದಿಂದ ತುದಿಯವರೆಗೆ ಸೇವಂತಿಗೆ. ಎಲ್ಲವೂ ರಾಣಿ ಬಣ್ಣ. ಸಾವಿರಾರು ಹೂವು, ಒಂದಕ್ಕೊಂದು ಒಂದಿಷ್ಟೂ ವ್ಯತ್ಯಾಸವಿಲ್ಲ. ನಾನು ಬದುವಿನ ಮೇಲೆ ಕುಳಿತು ಮೂರು ಬಣ್ಣ ಬೇರೆ ಮಾಡಿದ್ದೆಲ್ಲ ಹುಡುಗಾಟದಂತೆ ಕಂಡಿತು. ತಪ್ಪು ಹುಡುಕುತ್ತ ನಿಂತೆ. ಕಂಬದ ಬುಡ ಓರೆಯಾಗಿದೆಯೇ? ಇಲ್ಲ. ಎಡಕ್ಕೂ ಬಲಕ್ಕೂ ಎತ್ತರ ಹೆಚ್ಚುಕಡಿಮೆಯೇ? ಇಲ್ಲ. ಅವಳು ಗಂಟು ಹಾಕುವುದನ್ನೇ ಬಿಟ್ಟಿದ್ದಳು. ಹಸಿರು ಸ್ಪಂಜಿಗೆ ಹೂವಿನ ತೊಟ್ಟು ಚುಚ್ಚಿದರಾಯಿತು. ನಾನು ಬೈಯುತ್ತಿದ್ದ ಸಡಿಲ ಗಂಟು ಈಗ ಎಲ್ಲೂ ಇರಲಿಲ್ಲ.

“ದೊಡ್ಡವ್ವ, ಬಂದ್ಯಾ? ನೀ ನೋಡಿ ಹೇಳಬೇಕ ನೋಡ ಹೆಂಗ ಆಗೇತಂತ,” ಎಂದು ಏಣಿಯ ಮೇಲಿಂದಲೇ ಕೂಗಿದಳು.

“ಛಲೋ ಆಗೇತಿ. ಎಲ್ಲಿವು ಈ ಸೇವಂತಿಗಿ?”

“ಪುಣೆದಿಂದ ಬಂದಾವು.”

“ಗಿಡದಾಗ ಇದ್ದಾಗೂ ಇದ ಬಣ್ಣೇನ?”

“ಹಿಂಗ ಬರ್ತಾವ್ ದೊಡ್ಡವ್ವ ಈಗೀಗ,” ಎಂದು ತಿರುಗಿ ಕೆಲಸಕ್ಕೆ ಹತ್ತಿದಳು.

ಅವಳು ಊಟದ ಮನೆಯ ಕಡೆ ಹೋದಾಗ, ಎಡಗಡೆಯ ಕಂಬದ ಹಿಂಬದಿಯ ಒಂದು ಹೂವನ್ನು ಒದ್ದೆ ಬೆರಳಿನಿಂದ ಒರೆಸಿ ನೋಡಿದೆ. ಬೆರಳು ಕೆಂಪಾಯಿತು. ಒಳಗಿನ ಎಸಳು ಬಿಳಿ. ಬಿಳಿ ಸೇವಂತಿಗೆಗೆ ಬಣ್ಣ ಸಿಂಪಡಿಸಿ ಒಣಗಿಸಿದ್ದು! ಇಡೀ ದಿನದಲ್ಲಿ ಮೊದಲ ಬಾರಿಗೆ ಉಸಿರು ಸಲೀಸಾಗಿ ಆಡಿತು. ಬೆರಳನ್ನು ಸೆರಗಿಗೆ ಒರೆಸಿಕೊಂಡೆ. ಯಾರಿಗೂ ಹೇಳಲಿಲ್ಲ. ಅವಳು ತನ್ನ ಹೆಣ್ಣಾಳುಗಳಿಗೂ ಹೇಳಿರಲಿಲ್ಲವೆಂದು ಆಮೇಲೆ ತಿಳಿಯಿತು. ಮಾತು ನನ್ನ ಕಿವಿಗೆ ಬಿದ್ದೀತೆಂದು ಮುಚ್ಚಿಟ್ಟಿದ್ದಳು.

ಸಂಜೆಯೊಳಗೆ ಅಸ್ಟರ್ ಸರಗಳನ್ನು ಕಟ್ಟಿ ಮುಗಿಸಿದೆವು. ಮಂಟಪದ ಒಂದೊಂದು ಕಂಬಕ್ಕೆ ಹತ್ತು ಮಾರಿನಂತೆ ನಾಲ್ಕು ಕಂಬಕ್ಕೆ ನಲವತ್ತು ಮಾರು.

ಮದುವೆಯ ದಿನ ಆರಕ್ಕೆ ಕೆಲಸ ಶುರು. ಆರು, ಏಳು, ಎಂಟು, ಒಂಬತ್ತು, ಪ್ರತಿ ತಾಸಿಗೂ ಕೈಪಂಪಿನಿಂದ ಮಂಜಿನಂತೆ ನೀರು. ಅಕ್ಕಿಕಾಳಿಗೆ ಒಂದು ತಾಸು ಮೊದಲು ನಿಲ್ಲಿಸಬೇಕು, ಇಲ್ಲದಿದ್ದರೆ ದಾರ ಹಿಗ್ಗಿ ಸರ ಜೋತುಬೀಳುತ್ತದೆ. ಇದು ಅಪ್ಪನ ಕಾಲದಿಂದ ಬಂದ ಕ್ರಮ. ನನ್ನ ಆಳುಗಳಿಗೆ ಗಡಿಯಾರ ತೋರಿಸಬೇಕಾಗಿಲ್ಲ. ಮುಹೂರ್ತ ಹನ್ನೆರಡೂವರೆಗೆ ಇತ್ತು. ಒಂಬತ್ತೂವರೆಗೆ ಮದುಮಗಳ ತಾಯಿ ಬಂದು ನನ್ನ ಮಂಟಪ ನೋಡಿದರು. “ಛಲೋ ಆಗೇತ್ರಿ ಅಕ್ಕಾರ,” ಎಂದವರೇ ವೇದಿಕೆಯ ಕಡೆ ತಿರುಗಿ ನಿಂತುಬಿಟ್ಟರು. “ಅಬಬಾ! ಇದು ನೋಡ್ರಿ! ಸಿನಿಮಾದಾಗಿನಂಗ ಮಾಡ್ಯಾಳಲ್ರಿ ನಿಮ್ಮ ಹುಡುಗಿ!” ಹುಕ್ಕೇರಿಯ ಬೀಗಿತಿಯರೂ ಬಂದರು. ಎಲ್ಲರೂ ಫೋನು ಹಿಡಿದದ್ದು ಆ ಕಡೆಗೇ. ನನ್ನ ಮಂಟಪ ದಾಟಿ ಹೋಗುವಾಗ ಒಬ್ಬಾಕೆ ಸೆರಗು ತಾಗಬಾರದೆಂದು ಕಂಬವನ್ನು ಸರಿಸಲು ನೋಡಿದಳು.

ತಂಗಿಯ ಮಗಳು ಸೀರೆ ಉಡಲು ಒಳಗೆ ಹೋಗಿದ್ದಳು. ಹತ್ತು ಗಂಟೆಯಾಯಿತು. ನನ್ನ ಹೆಣ್ಣಾಳು ಮಂಟಪಕ್ಕೆ ನೀರು ಹೊಡೆದು ಮುಗಿಸಿ, ಪಂಪು ಹಿಡಿದು ಬಂದು ಕೇಳಿದಳು:

“ಅಕ್ಕಾರ, ಆ ಕಡೆ ವೇದಿಕಿಗೆ ಮುಂಜಾನಿಂದ ಯಾರೂ ನೀರ ಹೊಡದಿಲ್ರಿ. ನಮ್ಮ ಹುಡುಗೀದ ಐತಿ. ಹೊಡೀಲೇನ್ರಿ?”

ಅವಳು ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು. ನಾನು ದಂಡಿಯ ಕೊನೆಯ ಗಂಟು ಹಾಕುತ್ತಿದ್ದೆ. ತಲೆ ಎತ್ತಲಿಲ್ಲ.

“ಹೊಡಿ,” ಎಂದೆ.

ಆ ಒಂದು ಮಾತು ಬಾಯಿ ತಪ್ಪಿ ಬಂದದ್ದಲ್ಲ. ಏನಾಗುತ್ತದೆ ಎಂದು ನನಗೆ ತಿಳಿದಿತ್ತು.

ಆಮೇಲೆ ತಲೆ ಎತ್ತಿ ನೋಡಿದೆ. ಅವಳು ಎಡಗಡೆಯ ಕಂಬದ ಮುಂದೆ ನಿಂತು, ನಾನು ಕಲಿಸಿದಂತೆಯೇ, ಮೇಲಿನಿಂದ ಕೆಳಗೆ, ಒಂದು ಹೂವನ್ನೂ ಬಿಡದೆ ಹೊಡೆಯುತ್ತಿದ್ದಳು. ತಂಗಿಯ ಮಗಳ ಹೆಣ್ಣಾಳೊಬ್ಬಳು ಬಲಗಡೆ ಕುರ್ಚಿ ಒರೆಸುತ್ತಿದ್ದವಳು ಒಮ್ಮೆ ನೋಡಿ ಮತ್ತೆ ಕುರ್ಚಿಗೆ ಬಾಗಿದಳು. ಮೊದಲಿಗೆ ಏನೂ ಕಾಣಲಿಲ್ಲ. ಹನಿಗಳು ಹೊಳೆದವು, ಕಂಬ ಇನ್ನೂ ಚೆಂದವೇ ಕಂಡಿತು. ಆಮೇಲೆ ಒಂದು ಹನಿ ಕೆಂಪಗೆ ಇಳಿಯಿತು. ಅದರ ಹಿಂದೆ ಇನ್ನೊಂದು. ಗಾಳಿಗೆ ಆ ಹನಿಗಳು ಕೇಸರಿ ಬಟ್ಟೆಯ ನೆರಿಗೆಗೆ ಸಿಡಿದು, ಎಲೆಯಡಿಕೆ ಉಗುಳಿದಂತೆ ಕಲೆ ಎದ್ದವು. ಮೇಲಿನ ಹೂವುಗಳಲ್ಲಿ ಬಿಳಿ ಎಸಳು ಇಣುಕತೊಡಗಿತು.

ನನಗೆ ಸಂತೋಷವಾಯಿತು ಎಂದು ಬರೆಯಲೇಬೇಕು. ಎಷ್ಟು ಹೊತ್ತು? ಎರಡು ನಿಮಿಷ, ಮೂರು ನಿಮಿಷ. ಕೈಯಲ್ಲಿ ದಂಡಿ ಹಿಡಿದು ನೋಡುತ್ತ ನಿಂತಿದ್ದೆ. ಆಗ ನನ್ನ ಹೆಣ್ಣಾಳು ತನ್ನ ಅಂಗೈ ನೋಡಿಕೊಂಡು, ಗಾಬರಿಯಿಂದ ನನ್ನ ಕಡೆ ತಿರುಗಿದಳು. ಮೂವತ್ತು ವರ್ಷ ನಾನು ಹೇಳಿದ ತಾಸಿಗೆ ನೀರು ಹೊಡೆದವಳು. ತಾನೇ ಏನೋ ತಪ್ಪು ಮಾಡಿದೆನೆಂದು ಅವಳ ಮುಖ ಬಿಳಿಚಿಕೊಂಡಿತ್ತು. ಅದನ್ನು ನೋಡಿ ಓಡಿದೆ. ಪಂಪು ಕಸಿದುಕೊಂಡೆ. ಬಲಗಡೆಯ ಕಂಬ ಉಳಿಯಿತು. ಎಡಗಡೆಯದು ಪೂರ್ತಿ ಹೋಗಿತ್ತು. ಪಂಪನ್ನು ತಂದು ಮಂಟಪದ ಹಿಂದಿನ ಗೋಣಿಗಳ ಕೆಳಗೆ ತುರುಕಿದೆ.

ತಂಗಿಯ ಮಗಳು ತನ್ನ ಹೆಣ್ಣಾಳುಗಳ ಕೂಗು ಕೇಳಿ ಹೊರಗೆ ಬಂದಳು. ಒಂದು ಕಣ್ಣಿಗೆ ಕಾಡಿಗೆ ಹಚ್ಚಿತ್ತು, ಇನ್ನೊಂದಕ್ಕೆ ಇಲ್ಲ.

“ಯಾರ ಮಾಡಿದ್ರು ಇದನ್ನ? ಯಾರ ನೀರ ಹಾಕಿದ್ರು?”

ನನ್ನ ಆಳು ಕೆಂಪಾದ ಅಂಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅವಳು ಕಂಬದ ಮುಂದೆ ಕುಳಿತೇಬಿಟ್ಟಳು. “ಪುಣೆದಿಂದ ಮತ್ತ ತರಸಾಕ ಆಗಂಗಿಲ್ಲ. ಎರಡ ತಾಸ ಐತಿ. ಬೀಗರ ಮುಂದ ನನ್ನ ಮಾರಿ ಹೋತು ದೊಡ್ಡವ್ವ. ಹುಕ್ಕೇರ್ಯಾಗ ಇನ್ನ ಯಾರೂ ನನ್ನ ಕರಿಯಂಗಿಲ್ಲ.”

ಅದು ಖರೆ. ಹುಕ್ಕೇರಿಯ ದೊಡ್ಡ ಮನೆಗಳವರೆಲ್ಲ ಅಂದು ಅಲ್ಲಿ ಸೇರುವವರಿದ್ದರು. ನಿನ್ನೆಯಿಂದ ನಾನು ಬಯಸಿದ್ದೂ ಅದನ್ನೇ.

ನನ್ನ ಮಂಟಪ ನೋಡಿದೆ. ನಾಲ್ಕು ಕಂಬ, ನಲವತ್ತು ಮಾರು ಅಸ್ಟರ್, ಬಟ್ಟೆಯ ಚೂರಿಗೆ ಎಸಳು ಎಸಳು ಕೂಡಿಸಿದ್ದು. ವೇದಿಕೆಯ ಕಂಬಕ್ಕೆ ಸುತ್ತಿದರೆ ಸರಿಯಾಗಿ ಒಂದು ಕಂಬ ಆಗುತ್ತದೆ. ಮಂಟಪಕ್ಕೆ ಉಳಿಯುವುದು ಚೆಂಡು ಹೂವು ಮಾತ್ರ.

“ಏಳ. ಕಣ್ಣ ಒರಸ್ಕೋ, ಒಂದ ಕಣ್ಣಿನ ಕಾಡಗಿ ಗಲ್ಲಕ್ಕ ಬಂದೈತಿ. ಸ್ಪಂಜೆಲ್ಲ ಕಿತ್ತ ತಗಿ. ಒಳಗಿನ ಬಂಬೂ ಒರಸು, ಒಣಾ ಇರಬೇಕು.”

“ಏನ ಮಾಡ್ತಿ?”

“ಕಟ್ತೇನಿ. ನಿನಗ ಬರೂದಿಲ್ಲಲಾ, ಅದನ್ನ.”

ಅಂಥ ಹೊತ್ತಿನಲ್ಲೂ ಆ ಮಾತು ಆಡದೆ ಇರಲಾಗಲಿಲ್ಲ.

ನಾಲ್ವರು ಹೆಣ್ಣಾಳುಗಳು, ನಾವಿಬ್ಬರು. ಮಂಟಪದ ಸರಗಳನ್ನು ಮೇಲಿನಿಂದ ಬಿಚ್ಚಿ, ನೆಲಕ್ಕೆ ತಾಗದಂತೆ ಭುಜದ ಮೇಲೆ ಹೊತ್ತು ತಂದೆವು. ಅವಳು ಏಣಿ ಹತ್ತಿದಳು, ನಾನು ಕೆಳಗಿನಿಂದ ಸರ ಕೊಟ್ಟೆ. ಸುತ್ತಿಗೆ ಸುತ್ತು ಒತ್ತಾಗಿ, ನಡುವೆ ಬೆರಳು ಹೋಗಬಾರದು. ಒಂದು ಸುತ್ತು ಸಡಿಲಾಯಿತು.

“ಬಿಚ್ಚು,” ಎಂದೆ.

“ಯಾರ ನೋಡ್ತಾರ...” ಎಂದವಳು ನನ್ನ ಮುಖ ನೋಡಿ ಬಿಚ್ಚಿದಳು.

ಕೇಸರಿ ಬಟ್ಟೆಯ ಕಲೆಗಳನ್ನು ಅವಳೇ ಮುಚ್ಚಿದಳು. ನೆರಿಗೆಗಳನ್ನು ಒಳಮಗ್ಗುಲಿಗೆ ತಿರುಗಿಸಿ ಪಿನ್ನು ಹಾಕಿದಳು. ಅಷ್ಟು ಬೇಗ, ಅಷ್ಟು ಸಮನಾಗಿ ನನಗೆ ಮಾಡಲು ಬರುತ್ತಿರಲಿಲ್ಲ. ಅದೂ ನನಗೆ ಚುಚ್ಚಿತು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಕಂಬ ಮುಗಿಯಿತು. ಬೋಳಾದ ಮಂಟಪಕ್ಕೆ ಇದ್ದ ಚೆಂಡು ಹೂವಿನ ಸರ ಇಳಿಬಿಟ್ಟು, ಕಾರ್ಯಾಲಯದ ಹಿತ್ತಲಿನ ಮಾವಿನ ಗಿಡದಿಂದ ಎಲೆ ಕೊಯ್ಯಿಸಿ ನಾಲ್ಕೂ ಕಡೆ ತೋರಣ ಕಟ್ಟಿಸಿದೆ.

ಮದುಮಗಳ ತಾಯಿ ಬಂದು ನೋಡಿ ಬಾಯಿ ತೆರೆದರು. “ಅಕ್ಕಾರ, ಹಸರು ಬ್ಯಾಡ ಅಂದಿದ್ಳಲ್ರಿ ಹುಡುಗಿ!”

“ಮಾವಿನ ಎಲಿ ಇಲ್ಲದ ಮಂಟಪದಾಗ ಅಕ್ಕಿಕಾಳ ಹಾಕಿಸಾಕ ನನಗ ಮನಸ್ಸ ಬರಲಿಲ್ರಿ. ಬೈದ್ರ ನನ್ನ ಬೈರಿ.”

ಆಕೆ ಆ ಕಡೆ ಈ ಕಡೆ ನೋಡಿ, “ನನಗೂ ಹಂಗ ಅನಸತಿತ್ರಿ. ಅಕಿಗೆ ಹೇಳಬ್ಯಾಡ್ರಿ,” ಎಂದರು.

ಮದುಮಗಳು ಮಂಟಪಕ್ಕೆ ಬಂದಾಗ ತೋರಣ ನೋಡಿ ಹುಬ್ಬು ಗಂಟಿಕ್ಕಿದಳು. ಅಷ್ಟರಲ್ಲಿ ಎಲ್ಲರ ಕೈಯಲ್ಲೂ ಅಕ್ಕಿಕಾಳು ಬಂದಿತ್ತು. ಮದುವೆ ಹೊತ್ತಿಗೆ ಸರಿಯಾಗಿ ಆಯಿತು. ಆಮೇಲೆ ಮದುಮಕ್ಕಳನ್ನು ವೇದಿಕೆಯ ಮೇಲೆ ಕೂರಿಸಿದರು. ಬಿಸಿಲು ಕಿಟಕಿಯಿಂದ ಎಡಗಡೆಯ ಕಂಬದ ಮೇಲೆ ಬೀಳುತ್ತಿತ್ತು. ಬಲಗಡೆಯ ಕಂಬ ಒಂದೇ ಬಣ್ಣ, ಗೋಡೆಗೆ ಬಳಿದಂತೆ. ಎಡಗಡೆಯದರಲ್ಲಿ ಪ್ರತಿ ಹೂವಿನ ನಡುವೆ ಹಳದಿ ಕಣ್ಣು, ಎಸಳಿನ ಅಂಚಿಗೆ ತುಸು ತೆಳುವು. ಜನ ತಾವಾಗಿಯೇ ಆ ಕಡೆ ಸರಿದು ಫೋಟೋ ತೆಗೆಸಿಕೊಳ್ಳತೊಡಗಿದರು. ಹುಕ್ಕೇರಿಯ ಬೀಗಿತಿ ತಂಗಿಯ ಮಗಳ ಕೈ ಹಿಡಿದು, “ಆ ಎಡಗಡಿ ಕಂಬ ನೋಡ್ರಿ, ಜೀವ ಐತಿ ಅದರಾಗ! ನಮ್ಮ ಸಣ್ಣಾಕಿ ಲಗ್ನಕ್ಕೂ ನೀವ ಬರಬೇಕ,” ಎಂದರು. ನಾನು ಮೂರು ಮಾರು ದೂರದಲ್ಲಿ ಬುಟ್ಟಿ ಕಟ್ಟುತ್ತಿದ್ದೆ. ತಂಗಿಯ ಮಗಳು ನನ್ನ ಕಡೆ ನೋಡಿದಳು, ಆದರೆ ಬೀಗಿತಿಗೆ “ಹೂನ್ರಿ” ಎಂದಷ್ಟೇ ಹೇಳಿದಳು.

ಊಟವಾಗಿ ಸಾಮಾನು ಕಟ್ಟುವಾಗ ಅವಳು ಕುರ್ಚಿ ಒರೆಸುತ್ತಿದ್ದ ತನ್ನ ಹೆಣ್ಣಾಳನ್ನು ಕರೆದು, ಎಲ್ಲರಿಗೂ ಕೇಳುವಂತೆ ಹೇಳಿದಳು: “ಬಾಜೂನ ಇದ್ದಿ. ಕಂಬ ತೋಯ್ಯೂತನಕ ಕಣ್ಣ ಮುಚ್ಚಿದ್ದೇನ? ನಾಳಿಂದ ಕೆಲಸಕ್ಕ ಬರಬ್ಯಾಡ.”

ಆ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಳು. ನನ್ನ ಆಳು ನೆಲ ನೋಡುತ್ತಿದ್ದಳು. ಬುಟ್ಟಿಯ ಹಗ್ಗ ನನ್ನ ಕೈಯಲ್ಲಿ ಅರ್ಧ ಗಂಟಾಗಿ ನಿಂತಿತು.

“ಅಕಿದೇನ ತಪ್ಪಿಲ್ಲ,” ಎಂದೆ. “ನಮ್ಮಾಕಿ ಹೊಡದ್ಳು. ಹೊಡಿ ಅಂತ ಹೇಳಿದಾಕಿ ನಾ.”

“ಬಣ್ಣ ಹಚ್ಚಿದ್ದು ಅಂತ ನಿನಗ ಗೊತ್ತಿತ್ತ?”

“ನಿನ್ನೆ ಮಧ್ಯಾಹ್ನನ ಗೊತ್ತಾಗಿತ್ತು.”

ಅವಳು ನಡೆದು ಬಂದು ಗೋಣಿಗಳನ್ನು ಎತ್ತಿ ಪಂಪನ್ನು ಹೊರಗೆಳೆದಳು. “ಹತ್ತಕ್ಕ ಸರಿಯಾಗಿ ತೋಯ್ದಿತ್ತು ದೊಡ್ಡವ್ವ. ಈ ಭಾಗದಾಗ ಹತ್ತು ಅಂದ್ರ ಹತ್ತಕ್ಕ ನೀರ ಹೊಡಿಸಾಕಿ ನೀ ಒಬ್ಬಾಕಿ. ಅದರ ಮ್ಯಾಲೆ, ಯಾವಾಗ್ಲೂ ಮೊಳಿಗೆ ತೂಗೂ ಪಂಪ ಗೋಣಿ ಕೆಳಗ ಇತ್ತು. ನೀ ಹೇಳ್ತಿಯೋ ಇಲ್ಲೋ ನೋಡಾಕತ್ತಿದ್ದೆ.” ತನ್ನ ಹೆಣ್ಣಾಳಿನ ಕಡೆ ತಿರುಗಿ, “ನೀ ಹೋಗಿ ಗಾಡಿ ತುಂಬು. ನಾಳೆ ಬಾ,” ಎಂದಳು.

“ಬಣ್ಣ ಹಚ್ಚಿದ್ದಂತ ನೀನೂ ಹೇಳಬೇಕಿತ್ತು.”

“ಹೇಳಿದ್ರ ನೀ ನಗತಿದ್ದಿ.”

“ನಗತಿದ್ದೆ,” ಎಂದೆ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

ಅವಳು ಪಂಪನ್ನು ತನ್ನ ಗಾಡಿಯೊಳಗೆ ಇಟ್ಟುಕೊಂಡು, “ಇದು ನನ್ನ ಕಡೆ ಇರಲಿ,” ಎಂದು ಬಾಗಿಲು ಹಾಕಿದಳು. ಅಪ್ಪನ ಕಾಲದ ಹಿತ್ತಾಳೆ ಪಂಪು. ನಾನು ಮರಳಿ ಕೇಳಲಿಲ್ಲ. ಈಗ ಒಂದು ಡಬ್ಬಿಗೆ ಹಿಟ್ಟಿನ ಜರಡಿಯಂತೆ ತೂತು ಕೊರೆಸಿ ಅದರಿಂದಲೇ ನೀರು ಚಿಮುಕಿಸುತ್ತೇನೆ. ತಾಸು ತಪ್ಪಿಲ್ಲ. ಗೋಡೆಯ ಮೊಳೆ ಖಾಲಿಯಿದೆ.

ಮದುಮಗಳ ತಾಯಿ ಮದುಮಕ್ಕಳು ವೇದಿಕೆಯ ಮೇಲೆ ಕುಳಿತ ಫೋಟೋವನ್ನು ದೊಡ್ಡದು ಮಾಡಿಸಿ ನನ್ನ ಅಂಗಡಿಗೂ ಒಂದು ಪ್ರತಿ ಕೊಟ್ಟು ಹೋದರು. “ನಿಮ್ಮ ಹುಡುಗೀ ಕೆಲಸ ನೀವೂ ಇಟಗೋರಿ,” ಎಂದರು. ಗೋಡೆಗೆ ಹಾಕಿದ್ದೇನೆ. ಬಂದವರೆಲ್ಲ ಮೊದಲು ಎಡಗಡೆಯ ಕಂಬದ ಮೇಲೆ ಬೆರಳಿಡುತ್ತಾರೆ. “ಇದನ್ನ ಯಾರ ಕಟ್ಟಿದ್ರಿ?” ಎಂದು ಕೇಳುತ್ತಾರೆ. ನಾನು ಕಟ್ಟಿದ್ದೆಂದು ಹೇಳಲು ನಾಲಿಗೆಯ ತುದಿಗೆ ಬರುತ್ತದೆ. ಹಾಗೆ ಹೇಳಿದರೆ, ಅವಳ ಕಂಬವನ್ನು ನಾನೇಕೆ ಕಟ್ಟಬೇಕಾಯಿತು ಎಂಬುದನ್ನೂ ಹೇಳಬೇಕಾಗುತ್ತದೆ.

“ನನ್ನ ತಂಗಿ ಮಗಳು,” ಎನ್ನುತ್ತೇನೆ.